ಚಿನ್ನದ ಗಣಿಯ ಬುದ್ಧಕಥೆಗಳು

ಬಂಗಾರಪೇಟೆಯಿಂದ ಹೊರಟ ರೈಲಿಗೆ ಮಾರಿಕುಪ್ಪಂ ಕೊನೆಯ ನಿಲ್ದಾಣ. ಹಳಿಯೇ ಅಲ್ಲಿಗೆ ಮುಗಿಯುತ್ತದೆ. ಆಚೆಗೆ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಸೈನೈಡ್ ದಿಬ್ಬಗಳು, ಗಣಿ ಕಾರ್ಮಿಕರ ಸಾಲುಮನೆಗಳು. ತಮಿಳರ ಆಡಿ ತಿಂಗಳೆಂದರೆ ಅಮ್ಮನಿಗೆ ಬೇವಿನ ಸೊಪ್ಪು, ಹಂಚಲು ಅಂಬಲಿ. ನೂರು ವರ್ಷಗಳ ಹಿಂದೆ ಇಲ್ಲಿಗೆ ಬರುತ್ತಿದ್ದ ಒಂದು ಪತ್ರಿಕೆ ಈ ಆಚರಣೆಗೆ ಬೇರೆಯೇ ಕಥೆ ಕೊಟ್ಟಿತ್ತು.

ಆ ಕಥೆಯಲ್ಲಿ ಈ ಅಮ್ಮ, ಅಂದರೆ ಅಂಬಿಕೆ, ದೇವತೆಯಲ್ಲ, ಬೌದ್ಧ ಭಿಕ್ಷುಣಿ. ಸಿಡುಬಿನಿಂದ ನರಳುವವರನ್ನು ಬೇವಿನಿಂದ ಆರೈಕೆ ಮಾಡಿದವಳು. ಮಕ್ಕಳಿಗೆ ‘ಆತ್ತಿಚೂಡಿ’ಯ ನೀತಿ ಕಲಿಸಿದ ತಮಿಳು ಕವಯಿತ್ರಿ ಅವ್ವೈಯೂ ಅವಳೇ. ಹಾಗೆಯೇ ದೀಪಾವಳಿ ಯಾರನ್ನೋ ಕೊಂದ ಸಂಭ್ರಮವಲ್ಲ, ಬೌದ್ಧರು ಎಳ್ಳೆಣ್ಣೆಯ ಗುಣ ಕಂಡುಕೊಂಡು ಜನರಿಗೆ ತಿಳಿಸಿದ ದಿನ. ಕಾರ್ತಿಕದ ದೀಪದ ಕಥೆ ಹರಳೆಣ್ಣೆಯದು. ವೈದ್ಯರ ಕೈಯಿಂದ ಬಂದ ಕಥೆಗಳೆಂದು ಓದುತ್ತಲೇ ತಿಳಿಯುತ್ತದೆ.

ಬರೆದವರು ಮದ್ರಾಸಿನ ಸಿದ್ಧವೈದ್ಯ ಅಯೋತಿದಾಸ ಪಂಡಿತರು (1845–1914). 1898ರಲ್ಲಿ ಥಿಯಾಸಫಿಸ್ಟ್ ಕರ್ನಲ್ ಆಲ್ಕಾಟ್ ನೆರವಿನಿಂದ ಶ್ರೀಲಂಕಾಕ್ಕೆ ಹೋಗಿ ಬೌದ್ಧರಾದರು, ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ವಾರಪತ್ರಿಕೆ ಶುರುವಾಯಿತು. ಬೆಲೆಯೂ ಒಂದೇ ಪೈಸೆ. ಉತ್ತರ ಆರ್ಕಾಟಿನಿಂದ ಗಣಿಗೆ ಬಂದಿದ್ದವರಲ್ಲಿ ಬಹಳಷ್ಟು ಮಂದಿ ಊರಿನವರು ಮುಟ್ಟಿಸಿಕೊಳ್ಳದ ಪರೈಯರ್. ಮಾರಿಕುಪ್ಪಂನಲ್ಲಿ ಸಂಘದ ಶಾಖೆ ಬೇರೂರಿತು. ಪಂಡಿತರು ತೀರಿಕೊಂಡ ಮೇಲೆ, 1926ರಿಂದ, ಚಾಂಪಿಯನ್ ರೀಫ್ಸ್‌ನ ಜಿ. ಅಪ್ಪಾದುರೈ ಇದೇ ಕೆಜಿಎಫ್‌ನಿಂದ ‘ತಮಿಳನ್’ ಹೊರತಂದರು. ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಪುಸ್ತಕ ಮಾಡಿತು.

ಧರ್ಮ ಹೇಳಲು ಕಥೆ ಹಿಡಿಯುವುದು ಹಳೆಯ ದಾರಿ. ನಮ್ಮ ‘ವಡ್ಡಾರಾಧನೆ’ 19 ಕಥೆಗಳಲ್ಲಿ ಜೈನರ ಸಹನೆಯನ್ನು ಕಲಿಸಿತು. 13ನೇ ಶತಮಾನದ ಫ್ರಾನ್ಸಿನಲ್ಲಂತೂ ಬುದ್ಧನ ಬದುಕೇ ಜೋಸಫಾತ್ ಎಂಬ ಕ್ರೈಸ್ತ ಸಂತನ ಕಥೆಯಾಗಿ ಫ್ರೆಂಚ್ ಕಾವ್ಯಕ್ಕೆ ಇಳಿಯಿತು. ‘ಬೋಧಿಸತ್ವ’ ಎಂಬ ಮಾತೇ ನಾಲಿಗೆಯಿಂದ ನಾಲಿಗೆಗೆ ಸವೆದು ಆ ಹೆಸರಾಗಿತ್ತು.

ಪಂಡಿತರು ತಮ್ಮ ಕಥೆಗಳನ್ನು ಚರಿತ್ರೆಯೆಂದೇ ಬರೆದರು. ಇತಿಹಾಸಕಾರರು ತಕರಾರು ತೆಗೆದಾರು. ನನಗೆ ದೊಡ್ಡದಾಗಿ ಕಾಣುವುದು ಬೇರೆ: ನಿಮ್ಮ ಹಿರಿಯರು ಹೀನರಲ್ಲ, ಊರಿಗೆ ಔಷಧಿ ಕಂಡುಹಿಡಿದವರು ಎಂದು ಈ ಕಥೆಗಳು ನೆಲದಾಳದಲ್ಲಿ ದುಡಿಯುವವರಿಗೆ ಹೇಳಿದವು. ರೋಗಿಯ ಪಕ್ಕ ಕೂರುವುದೇ ಪೂಜೆ ಎಂದವು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಾಲುಮನೆಗಳಲ್ಲಿ ಯಾರದಾದರೂ ಹಳೆಯ ಟ್ರಂಕಿನಲ್ಲಿ ‘ತಮಿಳನ್’ ಸಂಚಿಕೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಎರಡೂ ಭಾಷೆ ಬಲ್ಲವರು ಅವನ್ನು ಕನ್ನಡಕ್ಕೆ ತನ್ನಿ.