ವಿನಯ ಮತ್ತು ಛಲ: ಸಿಡ್ನಿಯ ಗಣಿತಜ್ಞ ದಂಪತಿಗಳು



ಗಣಿತಜ್ಞರೆಂದೊಡನೆ ನಮಗೆ ಭಾಸ್ಕರಾಚಾರ್ಯರೂ ರಾಮಾನುಜನ್ನರೂ ನೆನಪಾಗುತ್ತಾರೆ. ನಮ್ಮಂತೆಯೇ ತಾಯ್ನಾಡನ್ನು ತೊರೆದು ಈ ಸಿಡ್ನಿಯಲ್ಲಿ ಬಾಳಿದ ಜಾರ್ಜ್ ಮತ್ತು ಎಸ್ತರ್ ಸೆಕೆರೆಶ್ ದಂಪತಿಗಳೂ ಸ್ಮರಣೀಯರು.

1933ರ ಸುಮಾರಿಗೆ ಬುಡಾಪೆಸ್ಟ್ ನಗರದ ಗೆಳೆಯರ ಕೂಟದಲ್ಲಿ ಎಸ್ತರ್ ಒಂದು ವಿಷಯವನ್ನು ಮುಂದಿಟ್ಟರು. ಯಾವ ಮೂರೂ ಒಂದೇ ಸರಳರೇಖೆಯಲ್ಲಿರದಂತೆ ಐದು ಚುಕ್ಕೆಗಳನ್ನಿಟ್ಟರೆ, ಅವುಗಳಲ್ಲಿ ನಾಲ್ಕು ಸೇರಿ ಒಳತಗ್ಗಿಲ್ಲದ ಚತುರ್ಭುಜವಾಗಲೇಬೇಕು. ಹಾಗಾದರೆ ಅಂತಹ ಪಂಚಭುಜಕ್ಕೆ, ಷಡ್ಭುಜಕ್ಕೆ ಎಷ್ಟು ಚುಕ್ಕೆಗಳು ಬೇಕು? ಎಷ್ಟೇ ಭುಜಗಳಿದ್ದರೂ ಸಾಕಷ್ಟು ಚುಕ್ಕೆಗಳಿದ್ದರೆ ಆಕೃತಿ ದೊರೆತೇ ತೀರುವುದೆಂದು ಜಾರ್ಜ್ ಮತ್ತು ಪಾಲ್ ಎರ್ಡಿಶ್ 1935ರಲ್ಲಿ ಸಾಧಿಸಿ ತೋರಿದರು. ನಿಖರವಾದ ಸಂಖ್ಯೆ ಮಾತ್ರ ಕೈಗೆ ಸಿಗಲಿಲ್ಲ.

ಜಾರ್ಜ್ ಓದಿದ್ದು ರಾಸಾಯನಿಕ ಎಂಜಿನಿಯರಿಂಗ್, ದುಡಿದದ್ದು ಚರ್ಮೋದ್ಯಮದಲ್ಲಿ. ಯೆಹೂದ್ಯರಾದ ದಂಪತಿಗಳು ನಾಜಿಗಳ ಭೀತಿಯಿಂದ ಶಾಂಘೈ ಸೇರಿ, 1948ರಲ್ಲಿ ಅಡಿಲೇಡಿಗೆ ಬಂದರು. ಗಣಿತದ ಪದವಿಯಿಲ್ಲದ ಜಾರ್ಜ್ ಅಲ್ಲಿ ಗಣಿತದ ಉಪನ್ಯಾಸಕರಾದರು; 1963ರಲ್ಲಿ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿ ಸಿಡ್ನಿಗೆ ಬಂದರು. ಎಸ್ತರ್ ಮೆಕ್ವಾರಿ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. ಎಪ್ಪತ್ತು ದಾಟಿದ ಮೇಲೂ, 1984ರಲ್ಲಿ, ಶಾಲಾಮಕ್ಕಳಿಗಾಗಿ ವಾರಕ್ಕೊಮ್ಮೆ ಗಣಿತಕೂಟವನ್ನು ಆರಂಭಿಸಿದರು. ವಿದ್ವತ್ತು ಅವರನ್ನು ಮಕ್ಕಳಿಂದ ದೂರ ಮಾಡಲಿಲ್ಲ.

ಜಾರ್ಜ್ ಆ ಹಳೆಯ ಪ್ರಶ್ನೆಯನ್ನೂ ಬಿಡಲಿಲ್ಲ. ಷಡ್ಭುಜಕ್ಕೆ 17 ಚುಕ್ಕೆಗಳು ಸಾಕೆಂದು ಲಿಂಡ್ಸೆ ಪೀಟರ್ಸ್‌ರೊಡನೆ ಗಣಕಯಂತ್ರದ ನೆರವಿನಿಂದ ಸಾಧಿಸಿದರು. ಆ ಲೇಖನ ಅಚ್ಚಾದದ್ದು 2006ರಲ್ಲಿ. ಅದಕ್ಕೆ ಮುನ್ನವೇ, 2005ರ ಆಗಸ್ಟ್ 28ರಂದು, ಅಡಿಲೇಡಿನಲ್ಲಿ ದಂಪತಿಗಳಿಬ್ಬರೂ ಒಂದೇ ಗಂಟೆಯ ಅಂತರದಲ್ಲಿ ಕಣ್ಮುಚ್ಚಿದ್ದರು. ಸಪ್ತಭುಜದ ಲೆಕ್ಕ ಇಂದಿಗೂ ಬಗೆಹರಿದಿಲ್ಲ.

ನಮ್ಮ ಮಕ್ಕಳು ತಂದ ಅಂಕಗಳನ್ನು ನಾವು ಕೇಳುತ್ತೇವೆ. ಬಿಡಿಸಲಾಗದ ಯಾವ ಲೆಕ್ಕ ಅವರನ್ನು ಕಾಡುತ್ತಿದೆ ಎಂದೂ ಒಮ್ಮೆ ಕೇಳೋಣ.