ಮಳೆ ಎಣಿಸುವ ಯಂತ್ರಕ್ಕೆ ಮುನ್ನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರನಿಗೆ ಮಳೆಯ ಲೆಕ್ಕವೆಂಬುದು ಕೇವಲ ಕುತೂಹಲದ ವಿಷಯವಲ್ಲ. ಮುಂಗಾರಿಗೆ ಮುನ್ನ ಒಮ್ಮೆ, ಅನಂತರ 40-45 ದಿನಗಳಲ್ಲಿ ಮತ್ತೊಮ್ಮೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸದಿದ್ದಲ್ಲಿ ಕೊಳೆರೋಗ ಕಾದಿರುತ್ತದೆ. ಮಳೆ ಎಡೆಬಿಡದೆ ಹಿಡಿದರೆ ಎರಡನೆಯ ಸಿಂಪಡಣೆಯ ದಿನವನ್ನು ನಿರ್ಧರಿಸುವುದೇ ಕಷ್ಟ. ಆದುದರಿಂದಲೇ ನಮ್ಮ ಅನೇಕ ಮನೆಗಳ ಅಂಗಳದಲ್ಲೊಂದು ಮಳೆಮಾಪಕವೂ ಗೋಡೆಯ ಕ್ಯಾಲೆಂಡರಿನಲ್ಲಿ ಅಂಗುಲದ ಲೆಕ್ಕವೂ ಕಾಣಸಿಗುತ್ತವೆ. ಇಂತಹ ಮನೆಗಳ ಮಕ್ಕಳಲ್ಲಿ ಯಾರಾದರೂ, ಈ ಲೆಕ್ಕವನ್ನು ತಾನಾಗಿಯೇ ಬರೆದಿಡುವ ಯಂತ್ರವನ್ನು ರಜೆಯಲ್ಲಿ ತಯಾರಿಸುತ್ತೇನೆಂದು ಹೊರಟರೆ ಪ್ರೋತ್ಸಾಹಿಸತಕ್ಕದ್ದೇ. ಆದರೆ ಬಿಡಿಭಾಗಗಳನ್ನು ತರಿಸುವ ಮುನ್ನ ಆಗಬೇಕಾದ ಸಿದ್ಧತೆಯನ್ನು ತಂದೆತಾಯಿಗಳೂ ತಿಳಿದಿರುವುದು ಲೇಸು.

ಪಂಚಾಯಿತಿ ಮಟ್ಟದಲ್ಲಿ ಸರ್ಕಾರವೇ ಮಳೆಮಾಪಕ ಇರಿಸಿರುವಾಗ ಮನೆಗೇಕೆ ಎಂದು ಕೇಳಬಹುದು. ಗುಡ್ಡದ ಈ ಮಗ್ಗುಲಿಗೆ ಸುರಿದ ಮಳೆ ಆ ಮಗ್ಗುಲಿಗೆ ಸುರಿಯದಿರುವುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಶೃಂಗೇರಿಯ ಮಳೆ ನರಸಿಂಹರಾಜಪುರಕ್ಕಿಲ್ಲ.

ಉದ್ದೇಶದಲ್ಲಿ ಮೊದಲು ಬರುವುದು ಕಾರ್ಯದಲ್ಲಿ ಕೊನೆಗೆ ಕೈಗೂಡುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರ ಪರಂಪರೆಯಲ್ಲಿ ತತ್ತ್ವಶಾಸ್ತ್ರ ಕಲಿತವರಿಗೆಲ್ಲ ಪರಿಚಿತವಾದ ವಿಚಾರ. ಗೆಲಿಲಿಯೋನ ಶಿಷ್ಯರೂ ಬೆನೆಡಿಕ್ಟೈನ್ ಸಂನ್ಯಾಸಿಯೂ ಆಗಿದ್ದ ಬೆನೆದೆತ್ತೋ ಕಾಸ್ತೆಲ್ಲಿಯವರು 1639ರಲ್ಲಿ ಇಟಲಿಯ ಪೆರೂಜಿಯಾದಲ್ಲಿ ಮಳೆಗೆ ಒಂದು ಗಾಜಿನ ಪಾತ್ರೆಯನ್ನೊಡ್ಡಿದರು. ಸಮೀಪದ ತ್ರಸಿಮೇನೋ ಸರೋವರದ ನೀರು ಆ ಮಳೆಯಿಂದ ಎಷ್ಟು ಏರೀತೆಂಬುದು ಅವರ ಪ್ರಶ್ನೆಯಾಗಿತ್ತು. ಪ್ರಶ್ನೆ ಮೊದಲು, ಪಾತ್ರೆ ಅನಂತರ. ನಮ್ಮ ಮಕ್ಕಳಲ್ಲಿ ಈ ಕ್ರಮ ಬಹುಮಟ್ಟಿಗೆ ತಿರುವುಮುರುವಾಗುತ್ತದೆ. 2005ರಲ್ಲಿ ಅದೇ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗೆಂದು ರೂಪುಗೊಂಡ ಆರ್ಡುಯಿನೋ ಫಲಕ ಕೈಗೆ ಬಂದೊಡನೆ, ಅದರಿಂದ ಏನು ಮಾಡಬಹುದೆಂದು ಹುಡುಕಾಟ ಆರಂಭವಾಗುತ್ತದೆ.

ಯಂತ್ರದ ತತ್ತ್ವ ಸರಳ. ಆಲಿಕೆಯಿಂದ ಇಳಿಯುವ ನೀರು ತಕ್ಕಡಿಯಂತೆ ಓಲಾಡುವ ಎರಡು ಪುಟ್ಟ ಬಟ್ಟಲುಗಳಲ್ಲೊಂದನ್ನು ತುಂಬುತ್ತದೆ. ತುಂಬಿದ್ದು ಮಗುಚಿ ಚೆಲ್ಲುತ್ತದೆ, ಇನ್ನೊಂದು ಮೇಲೇರುತ್ತದೆ. ಪ್ರತಿಸಲ ಮಗುಚುವಾಗಲೂ ಅದಕ್ಕಂಟಿಸಿದ ಅಯಸ್ಕಾಂತವು ರೀಡ್ ಸ್ವಿಚ್ ಎಂಬ ಗಾಜಿನ ಕೊಳವೆಯೊಳಗಿನ ಲೋಹದ ಎಳೆಗಳನ್ನು ಕ್ಷಣಕಾಲ ಕೂಡಿಸುತ್ತದೆ. ಫಲಕ ಅದನ್ನು ಎಣಿಸುತ್ತದೆ, ಅಷ್ಟೆ.

ಇನ್ನು ಕಾಗದ, ಪೆನ್ಸಿಲ್ ಹಿಡಿದು ಕೂರಬೇಕು. ಆಲಿಕೆಯ ಬಾಯಿಯ ವ್ಯಾಸ 16 ಸೆಂ.ಮೀ. ಇದ್ದರೆ ವಿಸ್ತೀರ್ಣ ಸುಮಾರು 201 ಚದರ ಸೆಂ.ಮೀ. ಬಟ್ಟಲು 4 ಮಿಲಿಲೀಟರಿಗೊಮ್ಮೆ ಮಗುಚಿದರೆ ಒಂದು ಎಣಿಕೆಗೆ 0.2 ಮಿ.ಮೀ. ಮಳೆ ಎಂದಾಯಿತು. ಅಜ್ಜನ ಒಂದು ಅಂಗುಲಕ್ಕೆ 127 ಎಣಿಕೆ! ಆದರೆ ಸ್ವಿಚ್ಚಿನ ಎಳೆಗಳು ಒಂದೇ ಬಡಿತಕ್ಕೆ ಹಲವು ಬಾರಿ ಅದುರಿ ಕೂಡುವುದರಿಂದ, ಫಲಕವು ಒಂದನ್ನು ಮೂರೆಂದು ಎಣಿಸಬಹುದು. ಒಮ್ಮೆ ಎಣಿಸಿದ ಬಳಿಕ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಕಿವಿಮುಚ್ಚಿಕೊಂಡಿರಬೇಕೆಂದು ಪ್ರೋಗ್ರಾಮಿನಲ್ಲಿ ಬರೆಯಬೇಕು. ಇದರಿಂದ ನಿಜವಾದ ಎಣಿಕೆ ತಪ್ಪದೇ? ತಪ್ಪದು; ಗಂಟೆಗೆ 100 ಮಿ.ಮೀ. ಸುರಿದರೂ ಬಟ್ಟಲು ಮಗುಚುವುದು ಏಳು ಸೆಕೆಂಡಿಗೊಮ್ಮೆ. ಇಂತಹ ಲೆಕ್ಕಗಳನ್ನು ಮೊದಲೇ ಮಾಡಿಕೊಂಡವನಿಗೆ ಪ್ರೋಗ್ರಾಂ ಬರೆಯುವುದು ಒಂದು ಸಂಜೆಯ ಕೆಲಸ.

ಕರೆಂಟು ಹೋದರೆ ಫಲಕದ ತಾತ್ಕಾಲಿಕ ಸ್ಮೃತಿಯಲ್ಲಿದ್ದ ಎಣಿಕೆಯೂ ಹೋಗುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಕರೆಂಟು ಹೋಗುವುದೆಂಬುದು ಸಾಧ್ಯತೆಯಲ್ಲ, ದಿನಚರಿ. ಆದ್ದರಿಂದ ಗಂಟೆಗೊಮ್ಮೆಯಾದರೂ ಎಣಿಕೆಯನ್ನು ಮೆಮೊರಿ ಕಾರ್ಡಿಗೆ ಬರೆಸಬೇಕು. ಸೂರ್ಯನನ್ನೇ ಕಾಣದ ಆ ದಿನಗಳಲ್ಲಿ ಸೌರಫಲಕವನ್ನು ನೆಚ್ಚುವಂತಿಲ್ಲ, ಬ್ಯಾಟರಿಯೇ ಗತಿ. ಮನೆಯ 230 ವೋಲ್ಟಿನ ತಂತಿಯನ್ನು ಒದ್ದೆ ಅಂಗಳಕ್ಕೆ ಎಳೆಯಲು ಮಕ್ಕಳಿಗೆ ಎಂದಿಗೂ ಅವಕಾಶ ಕೊಡಕೂಡದು. ಪೆಟ್ಟಿಗೆಯ ಸಂದುಗಳನ್ನು ಮುಚ್ಚಿ ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಡಬೇಕು. ಇರುವೆಗಳು ಇಂತಹ ಬೆಚ್ಚನೆಯ ಮನೆಯನ್ನು ಬೇಗ ಪತ್ತೆಹಚ್ಚುತ್ತವೆ. ಆಲಿಕೆಗೆ ಜಾಲರಿ ಬೇಕು, ಒಂದು ತರಗೆಲೆ ಸಾಕು ಎಲ್ಲ ಗಣಿತವನ್ನೂ ಕೆಡಿಸಲು. ಅಡಿಕೆ ಮರಗಳ ನಡುವೆ ಮಾಪಕವಿಟ್ಟರೆ ಅಳೆಯುವುದು ಮಳೆಯನ್ನಲ್ಲ, ಸೋಗೆಯಿಂದ ತೊಟ್ಟಿಕ್ಕುವ ನೀರನ್ನು. ಯಾವುದೇ ಮರಕ್ಕೆ ಅದರ ಎತ್ತರದ ಎರಡರಷ್ಟಾದರೂ ದೂರವಿರಬೇಕೆಂದು ನಿಯಮ. ಅಡಿಕೆ ಒಣಗಿಸುವ ಅಂಗಳವೇ ಹೆಚ್ಚಿನ ಮನೆಗಳಲ್ಲಿ ತಕ್ಕ ಜಾಗ.

ಜೋಡಣೆ ಮುಗಿದ ಮೇಲೆ 400 ಮಿಲಿಲೀಟರ್ ನೀರನ್ನು ಅರ್ಧ ಗಂಟೆಗೂ ಮಿಕ್ಕಿ ತೊಟ್ಟುತೊಟ್ಟಾಗಿ ಆಲಿಕೆಗೆ ಬಿಟ್ಟು, 100 ಎಣಿಕೆ ಬರುತ್ತದೆಯೇ ಎಂದು ನೋಡಬೇಕು. ಬಾರದಿದ್ದರೆ ಬಟ್ಟಲುಗಳ ಕೆಳಗಿನ ತಿರುಪುಗಳನ್ನು ಸರಿಪಡಿಸಬೇಕೇ ಹೊರತು, ಪ್ರೋಗ್ರಾಮಿನಲ್ಲಿ ಸಂಖ್ಯೆಯನ್ನು ತಿದ್ದಿ ಸಮಾಧಾನ ಪಡುವುದು ನನಗೆ ಸರಿಕಾಣದು. ಹಾಗೆ ಮಾಡಿದರೂ, ಬಟ್ಟಲು ಮಗುಚುವ ಆ ಕ್ಷಣದಲ್ಲಿ ಬೀಳುವ ನೀರು ಲೆಕ್ಕ ತಪ್ಪಿಸಿಕೊಳ್ಳುವುದರಿಂದ, ಜಡಿಮಳೆಯಲ್ಲಿ ಇಂತಹ ಯಂತ್ರ ತುಸು ಕಡಿಮೆಯೇ ತೋರಿಸುತ್ತದೆ. ಎಷ್ಟು ಕಡಿಮೆ ಎಂಬುದು ಹಳೆಯ ಮಾಪಕದೊಡನೆ ಹೋಲಿಸಿದಾಗ ಮಾತ್ರ ತಿಳಿದೀತು. ಆದುದರಿಂದ ಈ ಒಂದು ಮಳೆಗಾಲವಾದರೂ ಅದನ್ನು ಅಂಗಳದಿಂದ ತೆಗೆಯಬೇಡಿ. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಎರಡನ್ನೂ ಓದಿ, ಎರಡೂ ಅಂಕಿಗಳನ್ನು ಅದೇ ಕ್ಯಾಲೆಂಡರಿನಲ್ಲಿ ಅಕ್ಕಪಕ್ಕ ಬರೆಯುವ ಕೆಲಸವನ್ನು ಮನೆಯ ಅಜ್ಜನಿಗೆ ವಹಿಸಬಹುದು. ವ್ಯತ್ಯಾಸ ಕಂಡುಬಂದ ದಿನ ಮೊಮ್ಮಗನನ್ನು ಕರೆದು ವಿಚಾರಿಸದೆ ಅವರು ಬಿಡಲಾರರು.