ಗ್ಯಾಸ್ಟ್ರಿಕ್ ಮಾತ್ರೆಯನ್ನು ತಿಂಡಿಗೆ ಮೊದಲೇ ನುಂಗಬೇಕು ಎನ್ನುವುದು ಏಕೆ?

ಜಠರದ ಒಳಗೋಡೆಯ ಕೆಲವು ಜೀವಕೋಶಗಳಲ್ಲಿ ಆಮ್ಲವನ್ನು ಹೊರಹಾಕುವ ಸೂಕ್ಷ್ಮ ಪಂಪುಗಳಿವೆ. ಹೊಟ್ಟೆ ಖಾಲಿಯಿದ್ದಾಗ ಬಹುಪಾಲು ಪಂಪುಗಳು ಸುಮ್ಮನಿರುತ್ತವೆ, ಊಟ ಮಾಡಿದಾಗ ಚುರುಕಾಗುತ್ತವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನ ಔಷಧಗಳು ತಡೆಯುವುದು ಹೀಗೆ ಕೆಲಸಕ್ಕಿಳಿದ ಪಂಪುಗಳನ್ನೇ. ಮಾತ್ರೆ ಕರುಳಿನಲ್ಲಿ ಕರಗಿ, ರಕ್ತದ ಮೂಲಕ ಆ ಕೋಶಗಳಿಗೆ ಮರಳಿ ಬರಲು ಸಮಯ ಬೇಕು. ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಿದರೆ ಪಂಪುಗಳು ಎಚ್ಚರಗೊಳ್ಳುವ ಹೊತ್ತಿಗೆ ಔಷಧ ಅಲ್ಲಿರುತ್ತದೆ.

ಔಷಧ ರಕ್ತದಲ್ಲಿ ಕೆಲವೇ ಗಂಟೆ ಉಳಿದರೂ ಅದು ಪಂಪಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುವುದರಿಂದ ಪರಿಣಾಮ ಒಂದು ದಿನಕ್ಕೂ ಮೀರುತ್ತದೆ. ಪೂರ್ಣ ಫಲ ಕಾಣಲು ಮೂರು-ನಾಲ್ಕು ದಿನ ಬೇಕು. ಮೊದಲ ದಿನವೇ ಉರಿ ನಿಲ್ಲಲಿಲ್ಲವೆಂದು ಮಾತ್ರೆ ಬಿಡುವವರಿಗೆ ದಾದಿಯರು ಇದನ್ನು ತಿಳಿಸಲೇಬೇಕು.

ಈ ಮಾತ್ರೆಯನ್ನು ಪುಡಿ ಮಾಡಬಾರದು, ಜಗಿಯಲೂಬಾರದು. ಮೇಲಿನ ಲೇಪನ ಒಡೆದರೆ ಜಠರದ ಆಮ್ಲವೇ ಔಷಧವನ್ನು ಕೆಡಿಸುತ್ತದೆ. ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗುವ ರೂಢಿ ಅಪಾಯಕಾರಿ: ಬಿ12 ಜೀವಸತ್ವ ಮತ್ತು ಮೆಗ್ನೀಸಿಯಂ ಕೊರತೆ ತಲೆದೋರಬಹುದು.

ಆಂಟಾಸಿಡ್ ದ್ರಾವಣದ ಲೆಕ್ಕ ಬೇರೆ. ಅದು ಆಗಲೇ ಸ್ರವಿಸಿದ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಖಾಲಿ ಹೊಟ್ಟೆಯಿಂದ ಅದು ಬೇಗ ಜಾರಿಹೋಗುತ್ತದೆ. ಊಟವಾಗಿ ಒಂದು ಗಂಟೆಯ ನಂತರ ಕುಡಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕಬ್ಬಿಣಾಂಶದ ಮಾತ್ರೆ ಹಾಗೂ ಕೆಲವು ಆ್ಯಂಟಿಬಯಾಟಿಕ್‌ಗಳು ದೇಹ ಸೇರುವುದನ್ನು ಅದು ತಡೆಯುವುದರಿಂದ ನಡುವೆ ಕನಿಷ್ಠ ಎರಡು ಗಂಟೆಯ ಅಂತರವಿರಬೇಕು.